ಎದ್ದು ಹೋದ ಬೆಕ್ಕು

"ಬೆಕ್ಕೇ ಎದ್ದು ಹೋಯ್ತಲ್ಲಪ್ಪ," ಅಂದರು ಮೇಷ್ಟ್ರು. "ನಾವಿನ್ನೂ ಕೂತಿರೋದು ಬರೀ ಮರ್ಯಾದೆಗೆ."

ಹನ್ನೊಂದು ಜನ ನಕ್ಕರು. ಹನ್ನೊಂದು ಮಡಿಲಲ್ಲಿ ಹನ್ನೊಂದು ಪಿಟೀಲು ಕುಲುಕಿದವು. ಅವರ ಮುಂದೆ ನಿಂತು ನುಡಿಸುತ್ತಿದ್ದ ಹುಡುಗ ಸುರುಳಿ, ಕಮಾನನ್ನು ತಂತಿಯಿಂದ ಮೇಲೆತ್ತಿದ್ದವನು ಎತ್ತಿದ ಹಾಗೇ ನಿಂತ. ಮಟ್ಟು ಇನ್ನೂ ಮುಗಿದಿರಲಿಲ್ಲ. ಅರ್ಧಕ್ಕರ್ಧ ಬಾಕಿಯಿತ್ತು, ಅದೂ ಒಳ್ಳೆಯ ಅರ್ಧ.

ಬೆಕ್ಕು ಯಾರ ನಗುವಿಗೂ ತಿರುಗಿ ನೋಡದೆ, ಬಾಲ ನೆಟ್ಟಗೆ ಮಾಡಿಕೊಂಡು, ಹನ್ನೊಂದು ಜೊತೆ ಕಾಲುಗಳ ನಡುವೆ ನುಸುಳಿ ಅಡುಗೆಮನೆ ಕಡೆ ಹೊರಟುಹೋಯಿತು.

"ಸಾರ್, ಇನ್ನೂ ಇದೆ," ಅಂದ ಸುರುಳಿ.

"ಇರಬಹುದು. ಆದ್ರೆ ಜಡ್ಜ್ ಸಾಹೇಬರು ಕೋರ್ಟಿಂದ ಎದ್ದಾಯ್ತಲ್ಲ," ಅಂದರು ಮುಂದಿನ ಸಾಲಿನ ವಕೀಲರು. ಬೆಕ್ಕಿಗೆ ಆ ಹೆಸರಿಟ್ಟವರೇ ಅವರು. "ಅಪೀಲು ಹಾಕೋಣ ಅಂದ್ರೆ ಇದರ ಮೇಲೆ ಇನ್ನೊಂದು ಕೋರ್ಟಿಲ್ಲ."

ಮತ್ತೆ ನಗು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬೇಜಾರು ಮಾಡ್ಕೋಬೇಡ. ಕೈಯಲ್ಲಿ ಕೆಲಸ ಇದೆ ಅಲ್ವಾ ನಿಂಗೆ? ಏನದು, ಮೋಟಾರು? ಒಳ್ಳೇದು. ಅದರಲ್ಲೂ ತಂತಿ ಇರುತ್ತಲ್ಲ."

ಸುರುಳಿ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಕೊಂಡಿ ಒತ್ತಿದ. ಒಂದು ಕೊಂಡಿ ಸರಿಯಾಗಿ ಕೂರಲಿಲ್ಲ. ಇನ್ನೊಂದು ಸಲ ಒತ್ತುವಷ್ಟು ಹೊತ್ತೂ ಆ ಕೋಣೆಯಲ್ಲಿ ನಿಲ್ಲುವುದು ಬೇಡವೆನಿಸಿ, ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲಿಳಿದ.

ಸುರುಳಿ ಅನ್ನೋ ಹೆಸರು ಅವನಿಗೆ ಬಿದ್ದದ್ದು ತಾಮ್ರದ ತಂತಿಯಿಂದ. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಗೆದು, ಕಪ್ಪಗಾದ ಹಳೇ ತಂತಿ ಕಿತ್ತು, ಹೊಸದನ್ನು ಒಂದು ಸುತ್ತೂ ತಪ್ಪದ ಹಾಗೆ ಸುತ್ತಿ ಕೂರಿಸುವುದು ಅವನ ಕಸುಬು. ತಲೆಗೂದಲೂ ಹಾಗೇ ಸುತ್ತಿಕೊಂಡಿತ್ತು, ಹೆಸರು ಅಂಟಿಕೊಂಡುಬಿಟ್ಟಿತು. ಎಂಟನೇ ಕ್ಲಾಸಿನ ಅರ್ಧದಲ್ಲಿ ಪುಸ್ತಕ ಬಿಸಾಕಿ ಸೋದರಮಾವನ ರಿಪೇರಿ ಅಂಗಡಿಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಕಲಿಯುವ ಆಸೆ ಮಾತ್ರ ಹೋಗಿರಲಿಲ್ಲ. ಅದು ಬೇರೆ ಬಾಗಿಲಿಂದ ಒಳಗೆ ಬಂತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ಮುದುಕ ಬಾಡಿಗೆಗಿದ್ದ. ಮೂವತ್ತು ವರ್ಷ ಸರ್ಕಸ್ಸಿನ ಬ್ಯಾಂಡಿನಲ್ಲಿ ಪಿಟೀಲು ನುಡಿಸಿದವನು. ಸುರುಳಿ ಅವನ ಟೇಬಲ್ ಫ್ಯಾನು ಸರಿಮಾಡಿಕೊಟ್ಟ, ಮುದುಕ ಅವನ ಕೈಗೆ ಪಿಟೀಲು ಕೊಟ್ಟ. ಹೀಗೆ ಶುರುವಾದದ್ದು ಐದು ವರ್ಷ ನಡೆಯಿತು. ಮುದುಕನ ಪಾಠ ಕಾಲಿನಿಂದ ಶುರು. ಸರ್ಕಸ್ಸಿನ ಡೇರೆಯಲ್ಲಿ ಜನರೇಟರ್ ಸದ್ದು, ಜನರ ಸದ್ದು, ಪ್ರಾಣಿಗಳ ಸದ್ದು. ಪಕ್ಕದವನು ನುಡಿಸುವುದು ಕೇಳಿಸದಿದ್ದರೂ ಹಲಗೆಯ ಮೇಲೆ ಅವನ ಹಿಮ್ಮಡಿ ಬೀಳುವುದು ತಿಳಿಯಬೇಕಂತೆ. ಅಂಗಡಿಯಲ್ಲೂ ಅದೇ ಕಥೆ. ಒಂದು ಕಡೆ ಗ್ರೈಂಡಿಂಗು, ಒಂದು ಕಡೆ ಪರೀಕ್ಷೆಗೆ ಹಚ್ಚಿದ ಪಂಪು. ಹಾಗಾಗಿ ಬಲಗಾಲ ಹಿಮ್ಮಡಿ ನೆಲಕ್ಕೆ ಕುಟ್ಟದೆ ಸುರುಳಿಗೆ ಒಂದು ಸಾಲೂ ನುಡಿಸಲು ಬರುತ್ತಿರಲಿಲ್ಲ. ಕುಟ್ಟುತ್ತಿದ್ದೇನೆ ಅನ್ನೋದು ಅವನಿಗೇ ಗೊತ್ತಾಗುತ್ತಲೂ ಇರಲಿಲ್ಲ.

ಸಾಯುವ ಮುಂಚೆ ಮುದುಕ ಎರಡು ಮಾತು ಹೇಳಿದ್ದ. "ನಂಗೆ ಗೊತ್ತಿದ್ದು ಮುಗೀತು ಕಣೋ. ಇನ್ಮೇಲೆ ಓದ್ಕೊಂಡೋರ ಹತ್ರ ಹೋಗು. ಎಲ್ಲಿ ಸರಿ ಎಲ್ಲಿ ತಪ್ಪು ಅಂತ ಬೆರಳಿಟ್ಟು ತೋರಿಸ್ತಾರೆ. ನಾನು ಬರೀ ಹೊಟ್ಟೆಪಾಡಿಗೆ ನುಡಿಸಿದೋನು."

ಓದಿಕೊಂಡವರು ಅಂದರೆ ಊರಿಗೆಲ್ಲ ಈ ಮೇಷ್ಟ್ರೊಬ್ಬರೇ. ಹನ್ನೆರಡು ಕುರ್ಚಿಯ ಅವರ ತಂಡ ವರ್ಷಕ್ಕೆರಡು ಸಲ ಟೌನ್ ಹಾಲಿನಲ್ಲಿ ನುಡಿಸುತ್ತಿತ್ತು. ಯಾರಾದರೂ ಊರು ಬಿಟ್ಟರೆ ಮಾತ್ರ ಒಂದು ಕುರ್ಚಿ ಖಾಲಿ. ಈ ಸಲ ಖಾಲಿಯಾದದ್ದು ನಾಲ್ಕು ವರ್ಷದ ಮೇಲೆ. ಸುರುಳಿಗೆ ಬೇಕಾಗಿದ್ದದ್ದು ಕುರ್ಚಿ ಕೂಡ ಅಲ್ಲ, ಸತ್ಯ ಹೇಳಬೇಕೆಂದರೆ. ಅವನಿಗೆ ಬೇಕಾಗಿದ್ದದ್ದು ಆ ಕಿವಿ. ತಿಳಿದವರೊಬ್ಬರು ಒಂದು ಸಲ ಪೂರ್ತಿ ಕೇಳಿ, ಇಲ್ಲಿ ಚೆನ್ನಾಗಿದೆ, ಇಲ್ಲಿ ಕೆಟ್ಟಿದೆ ಅಂತ ಹೇಳಬೇಕು. "ನಿನಗೆ ಬರಲ್ಲ, ಮನೆಗೆ ಹೋಗು" ಅಂತ ಮೇಷ್ಟ್ರ ಬಾಯಿಂದಲೇ ಬಂದಿದ್ದರೂ ಅವನು ತಲೆತಗ್ಗಿಸಿ ಹೋಗುತ್ತಿದ್ದ. ಒಂದು ವಾರ ಊಟ ಬಿಡುತ್ತಿದ್ದ, ಆಮೇಲೆ ಮತ್ತೆ ಅಭ್ಯಾಸಕ್ಕೆ ಕೂರುತ್ತಿದ್ದ.

ಆದರೆ ಆ ಮನೆಯ ಪದ್ಧತಿಯೇ ಬೇರೆ. ಕಿಟಕಿಯ ಹತ್ತಿರ ಹಸಿರು ಮೆತ್ತೆಯ ಒಂದು ಕುರ್ಚಿ. ಅದರ ಮೇಲೆ ಬೆಳ್ಳಗಿನ, ನೀಲಿ ಕಣ್ಣಿನ ಬೆಕ್ಕು. ಹೊಸದಾಗಿ ಬಂದವರು ಅದರ ಮುಂದೆ ನಿಂತು ನುಡಿಸಬೇಕು. ಬೆಕ್ಕು ಕೊನೆಯವರೆಗೂ ನಿದ್ದೆಮಾಡಿದರೆ ಪಾಸು. ನಡುವೆ ಎದ್ದುಹೋದರೆ ಫೇಲು. ಏಳೆಂಟು ವರ್ಷದ ಹಿಂದೆ ತಮಾಷೆಗೆ ಶುರುವಾಗಿದ್ದು ಬರಬರುತ್ತಾ ಕಾನೂನೇ ಆಗಿಬಿಟ್ಟಿತ್ತು. ಮೇಷ್ಟ್ರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು, "ನಲವತ್ತು ವರ್ಷ ಪಾಠ ಹೇಳಿದ ನನ್ನ ಕಿವಿ ಮೋಸಹೋಗಬಹುದು ರೀ, ಇದರ ಕಿವಿ ಹೋಗಲ್ಲ. ಇದಕ್ಕೆ ಮುಲಾಜಿಲ್ಲ."

ಸುರುಳಿ ಎರಡು ವರ್ಷ ತಿದ್ದಿದ್ದು ಒಂದೇ ಮಟ್ಟು. ಉಯ್ಯಾಲೆಯ ಆಟಕ್ಕೆ ಅಂತ ಮುದುಕನೇ ಕಟ್ಟಿದ್ದು. ಡೇರೆಯ ಮೇಲ್ಗಡೆ ಹುಡುಗಿ ಒಂದು ಉಯ್ಯಾಲೆ ಬಿಟ್ಟು ಇನ್ನೊಂದು ಹಿಡಿಯುವ ಆಟ. ಪಿಟೀಲು ಅವಳ ಜೊತೆ ತೂಗುತ್ತಾ ತೂಗುತ್ತಾ ಮೇಲೇರುತ್ತದೆ. ಅವಳು ಕೈ ಬಿಟ್ಟ ಜಾಗದಲ್ಲಿ ಪಿಟೀಲೂ ನಿಂತುಬಿಡುತ್ತದೆ. ಪೂರ್ತಿ ಮೌನ, ಮೂರು ಎಣಿಕೆ. ಅವಳ ಕೈ ಆ ಕಡೆಯ ಕೋಲಿಗೆ ಸಿಕ್ಕ ಕ್ಷಣ ಮಟ್ಟು ಮತ್ತೆ ಶುರು, ಆದರೆ ಬೇರೆ ಶ್ರುತಿಯಲ್ಲಿ. ಆ ಮೌನಕ್ಕಾಗಿಯೇ ಇದ್ದ ಮಟ್ಟು ಅದು. ಸುರುಳಿ ಮೇಲೇರಿದ, ನಿಂತ, ಹಿಮ್ಮಡಿಯಲ್ಲಿ ಜೋರಾಗಿ ಮೂರು ಎಣಿಸಿದ. ಅಷ್ಟರಲ್ಲಿ ಬೆಕ್ಕು ಎದ್ದಿತು. ಅವರು ಆ ಮೌನದೊಳಗೇ ನಕ್ಕರು. ಅವನ ಮಟ್ಟಿನ ಹುಡುಗಿ ಇನ್ನೂ ಗಾಳಿಯಲ್ಲೇ ಇದ್ದಳು.

"ಏನಾಯ್ತೋ?" ಅಂದ ಮಾವ, ಅಂಗಡಿಯಲ್ಲಿ.

"ಬೆಕ್ಕು ಎದ್ದು ಹೋಯ್ತು."

"ಬೆಕ್ಕು?"

ಸುರುಳಿ ಎಲ್ಲ ಹೇಳಿದ. ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಗಬಾರದು ಅಂತ ತುಟಿ ಕಚ್ಚಿದ, ಆದರೂ ನಕ್ಕ. "ಹೋಗ್ಲಿ ಬಿಡೋ. ನಮ್ಮ ಬೋಲ್ಟು ಇದಾನಲ್ಲ. ಅವನು ಯಾವತ್ತಾದ್ರೂ ಎದ್ದು ಹೋಗಿದಾನಾ? ನಿನ್ನ ಜೊತೆ ಹಾಡ್ತಾನೆ ಕೂಡ."

ಬೋಲ್ಟು ಅಂಗಡಿಯ ನಾಯಿ. ಹಾಡುತ್ತಿದ್ದದ್ದು ನಿಜ. ಸುರುಳಿ ಮೇಲಿನ ತಂತಿಯಲ್ಲಿ ಒಂದು ಸ್ವರವನ್ನು ಉದ್ದಕ್ಕೆ ಎಳೆದರೆ ಸಾಕು, ಬೋಲ್ಟು ಮೂತಿ ಮೇಲೆತ್ತಿ ಊಳಿಡುತ್ತಿತ್ತು. ಅವನ ಸ್ವರಕ್ಕೆ ಬೇಕಂತಲೇ ಪಕ್ಕಕ್ಕೆ, ಸೇರಿಯೂ ಸೇರದ ಹಾಗೆ. ಸುರುಳಿ ತನ್ನ ಸ್ವರವನ್ನು ಅಲ್ಲಿಗೆ ತಂದರೆ ಅದು ಇನ್ನೊಂದು ಕಡೆ ಸರಿಯುತ್ತಿತ್ತು.

"ಬೋಲ್ಟು ಆಂಬುಲೆನ್ಸಿಗೂ ಊಳಿಡ್ತಾನೆ ಮಾವ. ಹಾಗಂತ ಆಂಬುಲೆನ್ಸ್ ಡ್ರೈವರ್‌ನ ಕರೆದು ಟೌನ್ ಹಾಲಲ್ಲಿ ಕೂರಿಸ್ತಾರಾ?"

"ಅದೇ ನಾನೂ ಹೇಳಿದ್ದು. ಪ್ರಾಣಿ ಮಾತಿಗೆ ಯಾಕೆ ತಲೆ ಕೆಡಿಸ್ಕೊಳ್ತೀಯ?"

"ಪ್ರಾಣಿ ಮೇಲೆ ಕೋಪ ಯಾರಿಗಿದೆ? ಅದು ಅದರ ಪಾಡಿಗೆ ಎದ್ದು ಹೋಯ್ತು. ಹನ್ನೆರಡು ಮನುಷ್ಯರು ಕೂತಿದ್ರಲ್ಲ, ಅವರದ್ದು ಕೇಳು. ಹನ್ನೆರಡು ತಲೆ, ಇಪ್ಪತ್ನಾಲ್ಕು ಕಿವಿ. ಒಂದೂ ಕೆಲಸಕ್ಕೆ ಬರಲಿಲ್ಲ."

ಮಾವ ಸ್ಪ್ಯಾನರ್ ಎತ್ತಿಕೊಂಡ.

ಆ ವಾರ ಸುರುಳಿ ಮುಟ್ಟಿದ್ದೆಲ್ಲ ಬಿಸಿ. ಗಿರಾಕಿಗಳಿಗೆ ಸಿಡುಕಿದ, ಒಂದು ಮೋಟಾರಿನ ತಂತಿಯನ್ನು ತಪ್ಪು ಸುತ್ತಿ ಪೂರ್ತಿ ಬಿಚ್ಚಿದ. ಎರಡು ಬೀದಿಯಾಚೆ ಬಟ್ಟೆ ಹೊಲಿಯುವ ಅಕ್ಕ ಒಬ್ಬಳಿದ್ದಳು. ಅವಳ ಹೊಲಿಗೆ ಮಷೀನಿನ ಮೋಟಾರು ಹೋಗಿದೆ ಅಂತ ಕರೆ ಬಂತು. ಮಷೀನು ಬಿಚ್ಚುತ್ತಾ ಅವನು ಒಳಗೊಳಗೇ ಆ ಮಟ್ಟನ್ನು ಗುನುಗುತ್ತಿದ್ದ ಅನ್ನಿಸುತ್ತದೆ. ಅಕ್ಕ ಕತ್ತರಿ ನಿಲ್ಲಿಸಿ, "ಪಿಟೀಲು ನುಡಿಸ್ತೀಯೇನೋ?" ಅಂದಳು.

"ಹೇಗೆ ಗೊತ್ತಾಯ್ತು?"

"ಎಡಗೈ ಬೆರಳು ಸ್ಕ್ರೂಡ್ರೈವರ್ ಮೇಲೆ ನುಡಿಸ್ತಾ ಇದಾವೆ." ಆಮೇಲೆ ಅಂದಳು, "ನಾನೂ ನುಡಿಸ್ತಿದ್ದೆ. ಮೇಷ್ಟ್ರ ಮನೆಗೂ ಹೋಗಿದ್ದೆ."

ಸುರುಳಿಯ ಕೈ ನಿಂತಿತು. "ಬೆಕ್ಕಾ?"

"ಬೆಕ್ಕೇ. ಎರಡು ಸಾಲು ನುಡಿಸಿದ್ನೋ ಇಲ್ವೋ, ಎದ್ದು ಹೋಯ್ತು. 'ಬಟ್ಟೆ ಚೆನ್ನಾಗಿ ಹೊಲಿತೀಯಂತೆ, ಅದು ಸಾಕಲ್ಲಮ್ಮ' ಅಂದ್ರು. ಎಲ್ಲರೂ ನಕ್ರು. ನಾನೂ ನಕ್ಕೆ, ಏನ್ಮಾಡ್ಲಿ. ಮನೆಗೆ ಬಂದು ಪಿಟೀಲನ್ನ ಪರದೆ ಬಟ್ಟೇಲಿ ಸುತ್ತಿ ಅಟ್ಟದ ಮೇಲೆ ಹಾಕಿದೆ. ನಾಲ್ಕು ವರ್ಷ ಆಯ್ತು."

"ಒಂದು ಬೆಕ್ಕಿನ ಮಾತಿಗೆ ಬಿಟ್ಟೇಬಿಟ್ರಾ?"

"ನೀನು ಬಿಡಲ್ವಾ?"

"ಇಲ್ಲ," ಅಂದ ಸುರುಳಿ. ಆದರೆ ಪೆಟ್ಟಿಗೆಯ ಕೊಂಡಿ ತೆಗೆದು ಆವತ್ತಿಗೆ ನಾಲ್ಕು ದಿನವಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಮಷೀನು ಜೋಡಿಸಿ ಕೊಟ್ಟ. ಅಕ್ಕ ಹಳೇ ಅಭ್ಯಾಸಕ್ಕೆ ಪಾದದಿಂದ ತುಳಿಯುತ್ತಾ ಒಂದು ಹೊಲಿಗೆ ಹಾಕಿ ನೋಡಿದಳು. ಮೋಟಾರಿಗೆ ಒಂದು ಬೆರಳಿನಷ್ಟು ಒತ್ತಿದರೆ ಸಾಕು, ಅವಳ ಕಾಲು ಮಾತ್ರ ಲಯ ಹಿಡಿದು ಕುಟ್ಟುತ್ತಲೇ ಇತ್ತು. ಸುರುಳಿ ನೋಡಿದ. ಆಗ ಅವನ ತಲೆಗೆ ಏನೂ ಹೊಳೆಯಲಿಲ್ಲ.

ಮಾರನೇ ದಿನ ಅಂಗಡಿಗೆ ಇನ್ನೊಂದು ಫೋನು. ಕಸ ಎಳೆಯುವ ಮಷೀನು ಕೂಗಿ ಕೂಗಿ ನಿಂತುಹೋಗಿದೆ, ಮನೆಗೇ ಬಂದು ನೋಡಬೇಕು. ವಿಳಾಸ ಬರೆದುಕೊಂಡ ಮಾವ ಅಳಿಯನ ಮುಖ ನೋಡಿದ. "ಮೇಷ್ಟ್ರ ಮನೆ. ನಾನೇ ಹೋಗ್ಲಾ?"

"ನಾನೇ ಹೋಗ್ತೀನಿ," ಅಂದ ಸುರುಳಿ. ಯಾಕೆ ಹಾಗಂದ ಅನ್ನೋದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಹುಣ್ಣಿದ್ದ ಕಡೆಗೇ ಕೈ ಹೋಗುತ್ತದಲ್ಲ, ಹಾಗೆ.

ಬಾಗಿಲು ತೆಗೆದದ್ದು ಮೇಷ್ಟ್ರ ತಂಗಿ. ಅಣ್ಣನ ಮನೆಯ ಅಡುಗೆ, ಬಟ್ಟೆ, ಬೆಕ್ಕು ಎಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಅಭ್ಯಾಸದ ದಿನ ಅವರು ಅಡುಗೆಮನೆಯಿಂದ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ, ಅವನನ್ನೂ ಅವರು ಕಂಡಿರಲಿಲ್ಲ. "ಅಣ್ಣ ಇಲ್ಲ, ಸಂಜೆ ಬರ್ತಾನೆ. ಬಾಪ್ಪ, ಅಡುಗೆಮನೇಲೇ ಕೂತು ಬಿಚ್ಚು. ಹಾಲ್‌ನಲ್ಲಿ ಧೂಳು ಬಿದ್ರೆ ಅವನು ಮನೆ ತಲೆ ಮೇಲೆ ತಗೊಳ್ತಾನೆ."

ಆ ಹಳೇ ಮನೆಗೆಲ್ಲ ಹಲಗೆಯ ನೆಲ. ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಕಾವಿಗೆ, ಜಡ್ಜ್ ಸಾಹೇಬರು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದರು. ಸುರುಳಿ ಅದರ ಮುಖ ನೋಡದೆ ಸ್ಟೂಲಿನ ಮೇಲೆ ಕೂತು ಮಷೀನು ಬಿಚ್ಚಿದ. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿತ್ತು. ಹೊಸದು ಹಾಕಿದ. ಮೋಟಾರನ್ನು ಹೊದಿಕೆಯಿಲ್ಲದೆ ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಸ್ವಿಚ್ಚು ಒತ್ತಿದ.

ಹೊದಿಕೆಯಿಲ್ಲದ ಆ ಮೋಟಾರು ಕೂಗಿದರೆ ಕಿವಿಯೊಳಗೆ ಮೊಳೆ ಹೊಡೆದ ಹಾಗೆ. ಮೇಷ್ಟ್ರ ತಂಗಿ ಎರಡೂ ಕಿವಿ ಮುಚ್ಚಿಕೊಂಡರು. ಕೆಳಗಿನ ಮನೆಯ ನಾಯಿ ಬೊಗಳತೊಡಗಿತು. ಎದುರುಮನೆಯ ಕಿಟಕಿ ದಡ್ಡನೆ ಮುಚ್ಚಿಕೊಂಡಿತು.

ಬೆಕ್ಕು ಮಲಗೇ ಇತ್ತು. ಎರಡು ಮೊಳ ದೂರದಲ್ಲಿ. ಮೀಸೆ ಕೂಡ ಅಲುಗಲಿಲ್ಲ.

ಸುರುಳಿ ಸ್ವಿಚ್ಚು ಆರಿಸಿದ. ಬೆಕ್ಕನ್ನು ನೋಡಿದ. ಮತ್ತೆ ಹಾಕಿದ. ಮತ್ತೆ ಆರಿಸಿದ.

"ಸತ್ತಿಲ್ಲ ತಾನೇ?" ಅಂದ.

ಮೇಷ್ಟ್ರ ತಂಗಿ ನಕ್ಕರು. "ಅದಕ್ಕೆ ಕಿವಿ ಕೇಳಲ್ಲಪ್ಪ. ಹುಟ್ಟಿದಾಗಿಂದ. ಬಿಳಿ ಮೈ ನೀಲಿ ಕಣ್ಣು ಇರೋವು ಎಷ್ಟೋ ಹೀಗೇ ಅಂತೆ, ಪಶು ಡಾಕ್ಟರು ಹೇಳಿದ್ರು."

ಸುರುಳಿಯ ತೊಡೆಯ ಮೇಲಿನ ಮೋಟಾರು ಇನ್ನೂ ಸುತ್ತುತ್ತಾ ನಿಧಾನವಾಗುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೆ ಅವನು ಅದನ್ನು ಹಾಗೇ ಹಿಡಿದುಕೊಂಡಿದ್ದ.

"ಮೇಷ್ಟ್ರಿಗೆ ಗೊತ್ತಾ?"

"ಡಾಕ್ಟರ ಹತ್ರ ಹೊತ್ಕೊಂಡು ಹೋಗೋಳು ನಾನು. ಅನ್ನ ಹಾಕೋಳು ನಾನು. ಅವನು ಅದನ್ನ ನೋಡೋದು ಭಾನುವಾರ, ನಾಲ್ಕು ಜನರ ಮುಂದೆ. ಕರೆದ್ರೆ ಬರಲ್ಲ ಅಂದ್ರೆ 'ಕಲಾವಿದರ ಬೆಕ್ಕು, ಸೊಕ್ಕಿರುತ್ತೆ' ಅಂತಾನೆ."

"ನೀವು ಹೇಳಲಿಲ್ವಾ ಅಮ್ಮ?"

"ಹೇಳೋಕೆ ಹೋದೆ ಒಂದ್ಸಲ. 'ನಿಂಗೇನು ಗೊತ್ತು ಸಂಗೀತ, ಒಳಗೆ ಹೋಗು' ಅಂದ. ಸರಿ, ನಂಗೇನು ಗೊತ್ತು ಅಂತ ಒಳಗೆ ಬಂದೆ." ಅವರು ಪಾತ್ರೆ ಒರೆಸುತ್ತಲೇ ಹೇಳಿದರು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

"ಹಾಗಾದ್ರೆ ಅದು ಯಾಕೆ ಎದ್ದು ಹೋಗುತ್ತೆ?"

"ಊಟ ಅಂತ." ಅವರು ಹಿಮ್ಮಡಿಯಿಂದ ಹಲಗೆಗೆ ಮೂರು ಸಲ ಕುಟ್ಟಿದರು. ಬೆಕ್ಕು ಕಣ್ಣು ಬಿಟ್ಟಿತು, ಮೈ ಮುರಿಯಿತು, ನೇರವಾಗಿ ಬಂದು ಅವರ ಕಾಲ ಹತ್ತಿರ ಕೂತು ಮೇಲೆ ನೋಡಿತು. "ಕೂಗಿದ್ರೆ ಕೇಳಲ್ವಲ್ಲ. ಹಲಗೆ ಅದುರಿದ್ರೆ ತಿಳಿಯುತ್ತೆ, ಹೀಗೇ ಕರೆಯೋದು."

ಸುರುಳಿ ತನ್ನ ಬಲಗಾಲು ನೋಡಿಕೊಂಡ. ಅಂಗಡಿಯ ಬೂಟು, ದಪ್ಪ ಹಿಮ್ಮಡಿ. ಮೂರು ಎಣಿಕೆ. ಅದು ಅವನ ಮಟ್ಟನ್ನು ಬೇಡವೆಂದು ಎದ್ದುಹೋಗಿರಲಿಲ್ಲ. ಊಟಕ್ಕೆ ಕರೆದಿದ್ದಾರೆ ಅಂತ ಹೋಗಿತ್ತು. ಹೊಲಿಗೆಯ ಅಕ್ಕನ ತುಳಿಯುವ ಕಾಲು ಕಣ್ಣ ಮುಂದೆ ಬಂತು. ಆ ಹನ್ನೊಂದು ಜನರ ಕಾಲುಗಳೂ ಬಂದವು. ನೆಲಕ್ಕೆ ಅಂಟು ಹಾಕಿ ಕೂರಿಸಿದ ಹಾಗಿದ್ದ ಕಾಲುಗಳು. ಕಾಲು ಕುಟ್ಟುವುದು ಬೀದಿಯವರ ಅಭ್ಯಾಸ, ಮನಸ್ಸಿನಲ್ಲಿ ಎಣಿಸಬೇಕು ಅಂತ ಮೇಷ್ಟ್ರು ಅವರಿಗೆ ಮೊದಲೇ ಕಲಿಸಿದ್ದರಂತೆ. ಹಾಗೆ ಕಲಿತು ಬಂದವರಿಗೆ ಬೆಕ್ಕು ನಿದ್ದೆ ಮಾಡುತ್ತಿತ್ತು. ಕಾಲು ತುಳಿದು ದುಡಿಯುವವರಿಗೆ ಏಳುತ್ತಿತ್ತು.

ಮೊದಲು ನಗು ಬಂತು. ಆಮೇಲೆ ನಗು ಹೋಗಿ ಮೈಯೆಲ್ಲ ಉರಿ. ಏಳೆಂಟು ವರ್ಷ. ಎಷ್ಟು ಜನ ಆ ಹಲಗೆಯ ಮೇಲೆ ನಿಂತು, ತಲೆತಗ್ಗಿಸಿ ಮೆಟ್ಟಿಲಿಳಿದು, ಪಿಟೀಲನ್ನು ಅಟ್ಟಕ್ಕೆ ಹಾಕಿದರೋ ಯಾರಿಗೆ ಗೊತ್ತು. ಬೆಕ್ಕು ಕಿವುಡು ಅನ್ನೋದು ಬೆಕ್ಕಿನ ತಪ್ಪಲ್ಲ.

"ಆಯ್ತೇನಪ್ಪ ಮಷೀನು?"

"ಒಂದು ಸಣ್ಣ ಸಾಮಾನು ಬೇಕು ಅಮ್ಮ," ಅಂದ ಸುರುಳಿ. ಅದು ಸುಳ್ಳು. "ಭಾನುವಾರ ತಂದು ಕೊಡ್ತೀನಿ. ಬೆಳಿಗ್ಗೆ."

ಭಾನುವಾರ ಬೆಳಿಗ್ಗೆ ಹನ್ನೊಂದು ಜನ ಅಭ್ಯಾಸಕ್ಕೆ ಕೂತಿದ್ದರು. ಒಂದು ಕುರ್ಚಿ ಖಾಲಿಯೇ ಇತ್ತು. ಹಸಿರು ಮೆತ್ತೆಯ ಮೇಲೆ ಬೆಕ್ಕು ಸುತ್ತಿಕೊಂಡು ಮಲಗಿತ್ತು. ಸುರುಳಿ ಅಡುಗೆಮನೆಯ ಬಾಗಿಲಿಂದ ಬರಲಿಲ್ಲ, ಮುಂಬಾಗಿಲಿಂದ ಬಂದ. ಒಂದು ಕೈಯಲ್ಲಿ ಮಷೀನು, ಹೆಗಲಲ್ಲಿ ಸಾಮಾನಿನ ಚೀಲ. ಪಿಟೀಲು ತಂದಿರಲಿಲ್ಲ.

"ಅರೆ, ಮೋಟಾರಿನವನು," ಅಂದರು ವಕೀಲರು. "ಅಪೀಲು ತಂದ್ಯೇನಪ್ಪ?"

"ಮಷೀನು ತಂದಿದೀನಿ. ಇಲ್ಲೇ ಹಾಕಿ ತೋರಿಸ್ಬೇಕು."

"ಒಳಗೆ ನನ್ನ ತಂಗಿ ಇದಾಳೆ, ಅವಳಿಗೆ ತೋರಿಸು," ಅಂದರು ಮೇಷ್ಟ್ರು, ತಲೆಯೆತ್ತದೆ.

"ನಿಮಗೇ ತೋರಿಸ್ಬೇಕು ಸಾರ್."

ಅವನು ಬೆಕ್ಕಿನ ಕುರ್ಚಿಯ ಪಕ್ಕದ ಪ್ಲಗ್ಗಿಗೆ ವೈರು ಚುಚ್ಚಿದ. ಮಷೀನನ್ನು ನೆಲಕ್ಕೆ ತಾಗಿಸದೆ ಎರಡೂ ಕೈಯಲ್ಲಿ ಎತ್ತಿ, ಬೆಕ್ಕಿನ ತಲೆಯಿಂದ ಒಂದು ಮೊಳ ದೂರಕ್ಕೆ ಹಿಡಿದು, ಹೆಬ್ಬೆರಳಲ್ಲಿ ಸ್ವಿಚ್ಚು ಒತ್ತಿದ. ಹೊದಿಕೆಯನ್ನು ಮೆಟ್ಟಿಲ ಮೇಲೇ ಬಿಚ್ಚಿಟ್ಟು ಬಂದಿದ್ದ.

ಹನ್ನೊಂದು ಜನ ಕಿವಿ ಮುಚ್ಚಿಕೊಂಡರು. ಒಂದು ಕಮಾನು ನೆಲಕ್ಕೆ ಬಿತ್ತು. ಮೇಷ್ಟ್ರು ಏನೋ ಕೂಗಿದರು, ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಸುರುಳಿ ಮನಸ್ಸಿನಲ್ಲಿ ಇಪ್ಪತ್ತು ಎಣಿಸಿದ. ಒಬ್ಬೊಬ್ಬರ ಕಣ್ಣೂ ಒಂದೊಂದಾಗಿ ಅವನಿಂದ ಬೆಕ್ಕಿನ ಕಡೆಗೆ ತಿರುಗಿತು. ಬೆಕ್ಕು ಮುಂಗಾಲನ್ನು ಮೂಗಿನ ಮೇಲೆ ಎಳೆದುಕೊಂಡು ಇನ್ನೂ ಸುಖವಾಗಿ ಮಲಗಿತು.

ಅವನು ಸ್ವಿಚ್ಚು ಆರಿಸಿದ. ಆಮೇಲೆ ಅವನು ಬಲಗಾಲಿನ ಹಿಮ್ಮಡಿಯಿಂದ ಹಲಗೆಗೆ ಕುಟ್ಟಿದ. ಒಂದು, ಎರಡು, ಮೂರು. ಬೆಕ್ಕು ಎದ್ದಿತು, ಮೈ ಮುರಿಯಿತು, ಕುರ್ಚಿಯಿಂದ ಜಿಗಿದು ಅಡುಗೆಮನೆಗೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ತಂಗಿ ನಿಂತಿದ್ದರು. ಕೈಯಲ್ಲಿ ಒರೆಸುವ ಬಟ್ಟೆ.

"ಅದು ಕಿವುಡು ಸಾರ್," ಅಂದ ಸುರುಳಿ. "ಹುಟ್ಟು ಕಿವುಡು. ನಿಮ್ಮ ತಂಗಿಯವರು ನಿಮಗೆ ಹೇಳೋಕೆ ಬಂದಿದ್ರಂತೆ."

ಮೇಷ್ಟ್ರು ತಂಗಿಯ ಕಡೆ ನೋಡಿದರು. "ಹೌದೇನೇ?"

"ಹೌದು," ಅಂದರು ಅವರು. ಅಷ್ಟೇ ಅಂದು ಅಲ್ಲೇ ನಿಂತರು. ಒಳಗೆ ಹೋಗಲಿಲ್ಲ.

ವಕೀಲರಿಗೆ ನಗು ತಡೆಯಲಾಗಲಿಲ್ಲ. "ಅಂದ್ರೆ ಮೇಷ್ಟ್ರೇ, ನನ್ನನ್ನ ಪಾಸು ಮಾಡಿದ್ದೂ ಕಿವುಡು ಬೆಕ್ಕೇ? ನಮ್ಮ ಮನೆಯವಳು ಆವತ್ತಿಂದ ಅದನ್ನೇ ಹೇಳ್ತಿದಾಳೆ, ನೀವು ನುಡಿಸೋದನ್ನ ಕಿವಿ ಇರೋರು ಯಾರೂ ಒಪ್ಪಲ್ಲ ಅಂತ." ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಉಳಿದವರು ತಮ್ಮ ತಮ್ಮ ಪಿಟೀಲು ನೋಡಿಕೊಂಡರು. ಪಾಸಾದದ್ದು ತಾವೋ ಅಥವಾ ತಮ್ಮ ಅಲುಗದ ಕಾಲೋ ಅನ್ನುವ ಯೋಚನೆ ಅವರಿಗೂ ಹತ್ತಿರಬೇಕು.

ಮೇಷ್ಟ್ರು ಕೆಂಪಾದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ನೋಡಪ್ಪ," ಅಂದರು, "ಬೆಕ್ಕಿನ ವಿಷಯ ಎಲ್ಲ ತಮಾಷೆಗೆ. ಬಂದವರ ಹೆದರಿಕೆ ಹೋಗ್ಲಿ ಅಂತ ಮಾಡಿದ್ದು. ತೀರ್ಮಾನ ಮಾಡೋದು ನಾನೇ. ನಿನ್ನ ನುಡಿಸಾಣಿಕೆಯಲ್ಲಿ ದೋಷ ಇತ್ತು, ಅದಕ್ಕೇ ಬೇಡ ಅಂದಿದ್ದು."

ಸುರುಳಿ ಮಷೀನನ್ನು ನಿಧಾನವಾಗಿ ಕೆಳಗಿಟ್ಟ. ಎರಡು ವರ್ಷದಿಂದ ಅವನು ಕಾದಿದ್ದದ್ದೇ ಈ ಮಾತಿಗೆ. ಒಳಗಿನ ಉರಿಯೆಲ್ಲ ಒಂದು ಗಳಿಗೆ ಪಕ್ಕಕ್ಕೆ ಸರಿಯಿತು. ನಿಜವಾಗಿಯೂ ಸರಿಯಿತು. "ಎಲ್ಲಿ ಸಾರ್?" ಅಂದ.

"ಏನು ಎಲ್ಲಿ?"

"ದೋಷ. ಯಾವ ಜಾಗದಲ್ಲಿತ್ತು? ಮೇಲೇರೋವಾಗ್ಲೋ, ನಿಲ್ಲೋ ಹತ್ರವೋ? ನಿಲ್ಲೋ ಹತ್ರ ನಂಗೇ ಅನುಮಾನ ಇದೆ. ಎರಡನೇ ಬೆರಳು ಸ್ವಲ್ಪ ಕೆಳಗೆ ಬೀಳುತ್ತೆ ಅನ್ಸುತ್ತೆ. ಹೇಳಿ ಸಾರ್, ತಿದ್ಕೋತೀನಿ."

ಮೇಷ್ಟ್ರು ಬಾಯಿ ತೆರೆದರು. ಮುಂದಿನ ಸಾಲಿನ ಕಡೆ ನೋಡಿದರು. ವಕೀಲರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಎರಡನೇ ಸಾಲಿನಲ್ಲೂ ಯಾರೂ ತಲೆಯೆತ್ತಲಿಲ್ಲ. ಅಡುಗೆಮನೆಯಲ್ಲಿ ಬೆಕ್ಕು ತಟ್ಟೆ ನೆಕ್ಕುವುದು ಕೇಳಿಸುತ್ತಿತ್ತು.

"ಹೋಗ್ಲಿ, ಆಗಿದ್ದಾಯ್ತು," ಅಂದರು ಮೇಷ್ಟ್ರು. ದನಿ ಮೆತ್ತಗಾಗಿತ್ತು. ಖಾಲಿ ಕುರ್ಚಿಯನ್ನು ಕೈಯಿಂದ ಸ್ವಲ್ಪ ಮುಂದಕ್ಕೆ ಎಳೆದರು. "ಕುರ್ಚಿ ಖಾಲಿ ಇದೆ. ಬಾ, ಕೂತ್ಕೋ. ಯಾರದಾದ್ರೂ ಪಿಟೀಲು ಕೊಡ್ತಾರೆ." ಆಮೇಲೆ ಕೇಳಿದರು, "ಆವತ್ತು… ಏನು ನುಡಿಸಿದ್ದು ನೀನು?"

ಸುರುಳಿ ಅವರ ಮುಖ ನೋಡಿದ. ಮೇಷ್ಟ್ರು ನಿಜಕ್ಕೂ ಕೇಳುತ್ತಿದ್ದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವನು ಬಗ್ಗಿ ಪ್ಲಗ್ಗಿಂದ ವೈರು ಕಿತ್ತ. ಅದನ್ನು ಮೊಳಕೈಗೆ ಅಳತೆಯಾಗಿ ಸುತ್ತಿ, ಸಿಕ್ಕಾಗದ ಹಾಗೆ ಕಟ್ಟಿ, ಮಷೀನಿನ ಮೇಲಿಟ್ಟ. ಸಾಮಾನಿನ ಚೀಲ ಹೆಗಲಿಗೇರಿಸಿದ. ಮೇಷ್ಟ್ರ ತಂಗಿಯ ಕಡೆ ತಿರುಗಿ, "ಹೊದಿಕೆ ಮೆಟ್ಟಿಲ ಮೇಲಿದೆ ಅಮ್ಮ, ನಾಲ್ಕು ಸ್ಕ್ರೂ, ಹೋಗ್ತಾ ಹಾಕಿಟ್ಟು ಹೋಗ್ತೀನಿ, ಮಷೀನು ಆಚೆ ಕೊಡಿ," ಅಂದ. ಅವರು ತಂದು ಕೊಟ್ಟರು.

"ಕೇಳಿದ್ದಕ್ಕೆ ಹೇಳಪ್ಪ," ಅಂದರು ಹಿಂದಿನಿಂದ ಮೇಷ್ಟ್ರು. "ಏನು ನುಡಿಸಿದ್ದು?"

ಅವನು ಮೆಟ್ಟಿಲ ಮೇಲೆ ಕೂತು ನಾಲ್ಕು ಸ್ಕ್ರೂ ಬಿಗಿದ. ಮಷೀನನ್ನು ಬಾಗಿಲ ಪಕ್ಕ ಗೋಡೆಗೆ ಒರಗಿಸಿದ. ಆಮೇಲೆ ಎದ್ದು ಬೀದಿಗಿಳಿದು ಎಡಕ್ಕೆ ತಿರುಗಿದ. ಹೊಲಿಗೆಯ ಅಕ್ಕನ ಮನೆ ಆ ಕಡೆಗೇ ಇತ್ತು, ಅವಳ ಅಟ್ಟದ ಮೇಲಿನ ಪಿಟೀಲೂ.